ಲೀಗ್ ಫುಟ್‌ಬಾಲ್ ಅಂಗಳಕ್ಕೆ ಇಳಿಯುವ ಮುನ್ನ ಮಕ್ಕಳು ತಿಳಿದಿರಬೇಕಾದ ಸಂಗತಿಗಳು

ಮುಂಬಯಿ ಮಹಾನಗರದಲ್ಲಿ ನೆಲೆನಿಂತ ಕನ್ನಡಿಗರ ಮನೆಗಳಲ್ಲಿ ಫುಟ್‌ಬಾಲ್ ಆಟದ ಒಲವು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿರುವುದನ್ನು ನಾವೆಲ್ಲ ಕಾಣುತ್ತಿದ್ದೇವೆ. ಕಟ್ಟಡದ ಆವರಣದಲ್ಲಿ, ಶಾಲೆಯ ಮೈದಾನದಲ್ಲಿ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುವ ಕೃತಕ ಹುಲ್ಲಿನ ಅಂಗಳದಲ್ಲಿ ಚೆಂಡಿನ ಬೆನ್ನಟ್ಟಿ ಓಡುವ ಮಕ್ಕಳು ಒಂದು ದಿನ ಮನೆಗೆ ಬಂದು, ತಮ್ಮನ್ನು ಲೀಗ್‌ಗೆ ಸೇರಿಸಬೇಕೆಂದು ಹಠ ಹಿಡಿಯುತ್ತಾರೆ. ಪಾಲಕರು ಶುಲ್ಕ ಕಟ್ಟುತ್ತಾರೆ, ಬೂಟು ಕೊಡಿಸುತ್ತಾರೆ, ಅರ್ಜಿಗೆ ಸಹಿ ಹಾಕುತ್ತಾರೆ. ಆದರೆ ಈ ಸೇರ್ಪಡೆಯ ಅರ್ಥವೇನು, ಇದರಿಂದ ತನ್ನ ಮೇಲೆ ಬೀಳುವ ಹೊಣೆ ಯಾವುದು ಎಂಬುದನ್ನು ಆ ಮಗುವಿಗೆ ಬಿಡಿಸಿ ಹೇಳುವವರು ಕಡಿಮೆ. ಮೂರು ನಾಲ್ಕು ಪಂದ್ಯಗಳಲ್ಲಿ ಸೋಲು ಬಂದರೆ, ಒಂದೆರಡು ಬಾರಿ ಹೊರಗೆ ಕುಳಿತು ಆಟ ನೋಡಬೇಕಾಗಿ ಬಂದರೆ ಉತ್ಸಾಹ ಇಳಿಯುತ್ತದೆ. ಹೊಸ ಬೂಟು ಮಂಚದ ಕೆಳಗೆ ಸೇರುತ್ತದೆ.

ಹಣ ಪೋಲಾಯಿತೆಂಬುದು ಇಲ್ಲಿ ಸಣ್ಣ ಮಾತು. 'ನನಗೆ ಇದು ಒಗ್ಗುವುದಿಲ್ಲ' ಎಂಬ ಭಾವನೆ ಹತ್ತು ಹನ್ನೊಂದರ ವಯಸ್ಸಿನಲ್ಲಿಯೇ ಮಗುವಿನ ಮನದಲ್ಲಿ ಬೇರೂರುವುದು ದೊಡ್ಡ ನಷ್ಟ. ಆಟದಲ್ಲಿ ಬಲಹೀನರಲ್ಲದ ಎಷ್ಟೋ ಮಕ್ಕಳು, ಮುಂದೇನು ಬರಲಿದೆ ಎಂಬುದು ಮೊದಲೇ ಗೊತ್ತಿಲ್ಲದ ಕಾರಣಕ್ಕೆ ಮೈದಾನ ಬಿಡುತ್ತಾರೆ. ಆದ್ದರಿಂದ ಲೀಗ್ ಸೇರುವ ಮೊದಲು ಮಕ್ಕಳು ಅರಿತಿರಬೇಕಾದ ಕೆಲವು ವಿಷಯಗಳನ್ನು ಪಾಲಕರೂ ಮಕ್ಕಳೂ ಒಟ್ಟಿಗೆ ಕುಳಿತು ಓದಲೆಂಬ ಆಶಯದಿಂದ ಇಲ್ಲಿ ನೀಡುತ್ತಿದ್ದೇವೆ.

ಈ ಆಟ ನಮಗೆ ಹೊಸದಲ್ಲ

ಫುಟ್‌ಬಾಲ್ ಎಂದರೆ ಬಂಗಾಳ, ಗೋವಾ, ಕೇರಳದವರ ಆಟ ಎಂಬ ಅಭಿಪ್ರಾಯ ನಮ್ಮಲ್ಲಿ ಕೆಲವರಿಗಿದೆ. ಕನ್ನಡ ನಾಡಿಗೂ ಮುಂಬಯಿಯ ಫುಟ್‌ಬಾಲಿಗೂ ಹಳೆಯ ನಂಟುಂಟು. 1891ರಲ್ಲಿ ಆರಂಭಗೊಂಡ ಇಲ್ಲಿನ ರೋವರ್ಸ್ ಕಪ್ ಪಂದ್ಯಾವಳಿಯನ್ನು ದಶಕಗಳ ಕಾಲ ಬ್ರಿಟಿಷ್ ಸೇನಾ ತಂಡಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಆ ಕಪ್ಪನ್ನು ಮೊದಲ ಬಾರಿಗೆ ಗೆದ್ದ ಭಾರತೀಯ ತಂಡ ನಮ್ಮ ಬೆಂಗಳೂರಿನದು: ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಆ ತಂಡವೇ ಕಪ್ಪನ್ನು ಉಳಿಸಿಕೊಂಡಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ನಮ್ಮ ದೇಶದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರು. ಆ ಪಂದ್ಯದಲ್ಲಿ ನಮ್ಮ ಹೆಚ್ಚಿನ ಆಟಗಾರರು ಬರಿಗಾಲಿನಲ್ಲಿ ಆಡಿದ್ದರು. ಸಿಕ್ಕ ಎರಡು ಪೆನಾಲ್ಟಿ ಅವಕಾಶಗಳು ಕೈತಪ್ಪಿ, 2-1ರಿಂದ ಸೋಲಾಯಿತು.

ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಬಾರಿ ಗೆದ್ದಿತ್ತು. 1968-69ರ ಗೆಲುವಿನ ಬಳಿಕ ಅರ್ಧ ಶತಮಾನಕ್ಕೂ ಮೀರಿ ಕಾದು, 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ ಕರ್ನಾಟಕ ಆ ಟ್ರೋಫಿಯನ್ನು ಮರಳಿ ಪಡೆಯಿತು. ನಾವು ನೆಲೆಸಿದ ಮುಂಬಯಿಗೂ ತನ್ನದೇ ಹೆಮ್ಮೆಯಿದೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯದ ವಿರುದ್ಧ ಮೂರು ಗೋಲು ಹೊಡೆದು ಭಾರತವನ್ನು ಉಪಾಂತ್ಯಕ್ಕೆ ಕೊಂಡೊಯ್ದ ನೆವಿಲ್ ಡಿ'ಸೋಜಾ ಈ ನಗರದ ಆಟಗಾರ. ಬಾಂದ್ರಾದಲ್ಲಿ ಅವರ ಹೆಸರಿನ ಮೈದಾನವೊಂದಿದೆ; ಇಂದಿನ ಮಕ್ಕಳು ಅಲ್ಲಿ ಲೀಗ್ ಪಂದ್ಯಗಳನ್ನು ಆಡುತ್ತಾರೆ.

ಲೀಗ್ ಎಂದರೇನು?

ಮೊದಲು ಮಕ್ಕಳಿಗೆ ಅರ್ಥವಾಗಬೇಕಾದದ್ದು ಲೀಗ್‌ಗೂ ನಾಕೌಟ್ ಪಂದ್ಯಾವಳಿಗೂ ಇರುವ ಅಂತರ. ಎಂಟು ತಂಡಗಳಿವೆ ಎಂದುಕೊಳ್ಳೋಣ. ನಾಕೌಟ್ ಆದರೆ ಮೊದಲ ಸುತ್ತಿನಲ್ಲಿಯೇ ನಾಲ್ಕು ತಂಡಗಳು ಮನೆಗೆ ಮರಳುತ್ತವೆ; ಒಟ್ಟು ಏಳೇ ಪಂದ್ಯಗಳಲ್ಲಿ ಎಲ್ಲವೂ ಮುಗಿಯುತ್ತದೆ. ಅದೇ ಎಂಟು ತಂಡಗಳು ಲೀಗ್ ಆಡಿದರೆ ಪ್ರತಿ ತಂಡವೂ ಉಳಿದ ಏಳು ತಂಡಗಳನ್ನು ಎದುರಿಸುತ್ತದೆ. ಒಟ್ಟು 28 ಪಂದ್ಯಗಳು ನಡೆಯುತ್ತವೆ. ಎಲ್ಲ ಪಂದ್ಯಗಳಲ್ಲಿ ಸೋತ ತಂಡಕ್ಕೂ ಏಳು ಬಾರಿ ಆಡುವ ಭಾಗ್ಯವಿದೆ.

ಗೆಲುವಿಗೆ ಮೂರು ಅಂಕ, ಸಮಬಲಕ್ಕೆ ಒಂದು, ಸೋಲಿಗೆ ಸೊನ್ನೆ. ಅಂಕಗಳು ಸಮವಾದಾಗ ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದು ಉಳಿಯುವ ವ್ಯತ್ಯಾಸವನ್ನೋ, ಆ ಎರಡು ತಂಡಗಳ ಪರಸ್ಪರ ಪಂದ್ಯದ ಫಲಿತಾಂಶವನ್ನೋ ನೋಡುತ್ತಾರೆ. ಯಾವುದು ಮೊದಲು ಎಂಬುದು ಆಯಾ ಲೀಗಿನ ನಿಯಮಾವಳಿಯಲ್ಲಿರುತ್ತದೆ. ಆದ್ದರಿಂದ 4-0 ಅಂತರದಲ್ಲಿ ಸೋಲುತ್ತಿರುವಾಗಲೂ ಕೊನೆಯ ನಿಮಿಷದಲ್ಲಿ ಹೊಡೆದ ಒಂದು ಗೋಲಿಗೆ ಬೆಲೆಯುಂಟು.

ಇದರಿಂದ ಹೊರಡುವ ಅರ್ಥವೊಂದಿದೆ, ಅದನ್ನು ಮಕ್ಕಳು ಮನಗಾಣಬೇಕು. ಲೀಗ್‌ನಲ್ಲಿ ಸೋಲು ಅಂತ್ಯವಲ್ಲ. ಮುಂದಿನ ವಾರ ಮತ್ತೆ ಪಂದ್ಯವಿದೆ. ಹಾಗೆಯೇ, ಮುಂದಿನ ವಾರ ಮತ್ತೆ ಬರಲೇಬೇಕಾಗಿದೆ. ಲೀಗ್ ಸೇರುವುದೆಂದರೆ ಒಂದು ಋತುವಿನ ಉದ್ದಕ್ಕೂ ತನ್ನ ತಂಡದ ಇತರ ಮಕ್ಕಳಿಗೆ ಕೊಡುವ ಮಾತು. ಹನ್ನೊಂದು ಮಂದಿಯ ಆಟದಲ್ಲಿ ಒಂದು ತಂಡದ ಆಟಗಾರರ ಸಂಖ್ಯೆ ಏಳಕ್ಕಿಂತ ಕಡಿಮೆಯಾದರೆ ಪಂದ್ಯ ಆರಂಭಿಸುವಂತಿಲ್ಲ, ಮುಂದುವರಿಸುವಂತಿಲ್ಲ ಎಂಬುದು ನಿಯಮ. ಭಾನುವಾರ ಒಂದು ಮದುವೆ, ಒಂದು ಗೃಹಪ್ರವೇಶ, ಒಬ್ಬನಿಗೆ ಬೇಸರ ಎಂದು ನಾಲ್ಕೈದು ಮಕ್ಕಳು ಉಳಿದುಬಿಟ್ಟರೆ, ಮುಂಜಾನೆ ಎದ್ದು ರೈಲು ಹಿಡಿದು ಬಂದ ಉಳಿದವರು ಆಡದೆಯೇ ಸೋಲಬೇಕಾಗುತ್ತದೆ. ಊರಿನಲ್ಲಿ ನಾವು ಆಡುತ್ತಿದ್ದ ಚಿನ್ನಿದಾಂಡು, ಲಗೋರಿಗಳಲ್ಲಿ ಇದ್ದವರನ್ನೇ ಎರಡು ಪಾಲು ಮಾಡಿಕೊಂಡು ಆಡಬಹುದಿತ್ತು. ಬಂದವರು ಬಂದರು, ಬಾರದವರು ಬಿಟ್ಟರು. ಲೀಗ್‌ನಲ್ಲಿ ಆ ಸಡಿಲತೆಯಿಲ್ಲ.

ಯಾವ ವಯಸ್ಸಿಗೆ ಯಾವ ಆಟ?

ದೂರದರ್ಶನದಲ್ಲಿ ನೋಡುವ ಹನ್ನೊಂದು ಮಂದಿಯ ಆಟವನ್ನೇ ಎಳೆಯ ಮಕ್ಕಳೂ ಆಡಬೇಕಿಲ್ಲ. ಸಣ್ಣ ಅಂಗಳ, ಸಣ್ಣ ಗೋಲು ಕಂಬ, ಕಡಿಮೆ ಆಟಗಾರರು - ಇದು ಇಂದು ಲೋಕವೆಲ್ಲ ಒಪ್ಪಿದ ಪದ್ಧತಿ. ಏಳೆಂಟು ವರ್ಷದವರಿಗೆ ಐದೈದು ಮಂದಿ, ಒಂಬತ್ತು ಹತ್ತರವರಿಗೆ ಏಳೇಳು, ಹನ್ನೊಂದು ಹನ್ನೆರಡರವರಿಗೆ ಒಂಬತ್ತೊಂಬತ್ತು, ಹದಿಮೂರರಿಂದ ಹನ್ನೊಂದು ಮಂದಿಯ ಆಟ ಎಂಬುದು ಸಾಮಾನ್ಯ ಕ್ರಮ. ಲೀಗಿನಿಂದ ಲೀಗಿಗೆ ಒಂದಿಷ್ಟು ವ್ಯತ್ಯಾಸವಿರಬಹುದು. ಆಟಗಾರರು ಕಡಿಮೆಯಾದಷ್ಟೂ ಪ್ರತಿ ಮಗುವಿನ ಕಾಲಿಗೆ ಚೆಂಡು ಹೆಚ್ಚು ಬಾರಿ ಸಿಗುತ್ತದೆ. ದೊಡ್ಡ ಅಂಗಳದಲ್ಲಿ ಎಂಟು ವರ್ಷದ ಹುಡುಗನಿಗೆ ಓಟವಷ್ಟೇ ಸಿಕ್ಕೀತು, ಆಟ ಸಿಗಲಾರದು. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ 2018ರಲ್ಲಿ ಎಳೆಯರಿಗಾಗಿ ಗೋಲ್ಡನ್ ಬೇಬಿ ಲೀಗ್ ಎಂಬ ಯೋಜನೆಯನ್ನು ಆರಂಭಿಸಿದ್ದು ಇದೇ ವಿಚಾರದ ಮೇಲೆ.

ಚೆಂಡಿಗೂ ಅಳತೆಯಿದೆ. ಎಂಟರೊಳಗಿನವರಿಗೆ 3ನೆಯ ಅಳತೆಯ ಚೆಂಡು, ಎಂಟರಿಂದ ಹನ್ನೆರಡರವರೆಗೆ 4ನೆಯ ಅಳತೆ, ಆ ಬಳಿಕ 5ನೆಯ ಅಳತೆ. 5ನೆಯ ಅಳತೆಯ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಮುಂದೆ ಬೇಕಾದೀತೆಂದು ದೊಡ್ಡ ಬೂಟು ಕೊಳ್ಳುವಂತೆ ಚೆಂಡನ್ನೂ ದೊಡ್ಡದಾಗಿ ಕೊಳ್ಳುವುದು ಬೇಡ. ಎರಡೂ ತಪ್ಪೇ.

ವಯಸ್ಸಿನ ಮಾತು ಬಂದಾಗ ಇನ್ನೊಂದನ್ನು ನೇರವಾಗಿ ಹೇಳಬೇಕಾಗಿದೆ. ಲೀಗ್‌ನಲ್ಲಿ ಹೆಸರು ನೋಂದಾಯಿಸುವಾಗ ಜನ್ಮ ಪ್ರಮಾಣಪತ್ರ ಕೇಳುತ್ತಾರೆ. ಹದಿನಾಲ್ಕರವನನ್ನು ಹನ್ನೆರಡೆಂದು ತೋರಿಸಿದರೆ ತಂಡಕ್ಕೆ ಲಾಭವೆಂಬ ಸಲಹೆ ಕೊಡುವವರೂ ಸಿಗಬಹುದು. ಕೇಂದ್ರ ಸರಕಾರ 2010ರಲ್ಲಿಯೇ ಕ್ರೀಡೆಯಲ್ಲಿನ ವಯೋವಂಚನೆಯ ವಿರುದ್ಧ ರಾಷ್ಟ್ರೀಯ ಸಂಹಿತೆ ಹೊರಡಿಸಿದೆ. ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ಬೆಳವಣಿಗೆಯಿಂದ ವಯಸ್ಸನ್ನು ಅಂದಾಜು ಮಾಡುವ ಪರೀಕ್ಷೆಯೂ ಬಳಕೆಯಲ್ಲಿದೆ. ಸಿಕ್ಕಿಬಿದ್ದರೆ ನಿಷೇಧ ಬೀಳುವುದು ಮಗುವಿನ ಮೇಲೆ. ಸಿಕ್ಕಿಬೀಳದಿದ್ದರೂ ತನಗಿಂತ ಎಳೆಯರನ್ನು ಮೈಬಲದಿಂದ ಗೆದ್ದವನು ಆಟದ ಚಾಕಚಕ್ಯತೆಯನ್ನು ಕಲಿಯದೆಯೇ ಬೆಳೆಯುತ್ತಾನೆ. ಹದಿನೆಂಟರಲ್ಲಿ ಎಲ್ಲರ ಮೈಬಲವೂ ಸಮವಾದಾಗ ಅವನ ಬಳಿ ಏನೂ ಉಳಿದಿರುವುದಿಲ್ಲ.

ಅರಿತಿರಬೇಕಾದ ನಿಯಮಗಳು

ಫುಟ್‌ಬಾಲಿಗೆ ಇರುವುದು ಹದಿನೇಳೇ ನಿಯಮಗಳು. ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ. ಬಿಡುವಿನ ವೇಳೆಯ ಆಟದಲ್ಲಿ ಯಾರೂ ಲೆಕ್ಕಿಸದ, ಆದರೆ ಲೀಗ್‌ನಲ್ಲಿ ಮಕ್ಕಳು ಪದೇ ಪದೇ ಎಡವುವ ಕೆಲವನ್ನು ತಿಳಿದರೆ ಸಾಕು.

ಥ್ರೋ-ಇನ್: ಚೆಂಡು ಪಕ್ಕದ ಗೆರೆ ದಾಟಿದಾಗ ಕೈಯಿಂದ ಒಳಗೆಸೆಯುವಾಗ ಎರಡೂ ಪಾದಗಳ ಒಂದಷ್ಟು ಭಾಗ ನೆಲದ ಮೇಲಿರಬೇಕು, ಎರಡೂ ಕೈಗಳಿಂದ, ತಲೆಯ ಹಿಂದಿನಿಂದ ತಲೆಯ ಮೇಲಾಗಿ ಎಸೆಯಬೇಕು. ತಪ್ಪಿದರೆ ಚೆಂಡು ಎದುರಾಳಿಗೆ.

ಆಫ್‌ಸೈಡ್: ತನ್ನ ತಂಡದವನು ಚೆಂಡನ್ನು ಒದ್ದ ಆ ಕ್ಷಣದಲ್ಲಿ, ಎದುರಾಳಿಯ ಅರ್ಧ ಅಂಗಳದಲ್ಲಿ, ಚೆಂಡಿಗಿಂತಲೂ ಎದುರಾಳಿಯ ಕೊನೆಯಿಂದ ಎರಡನೆಯ ಆಟಗಾರನಿಗಿಂತಲೂ ಗೋಲಿನ ಗೆರೆಗೆ ಹತ್ತಿರವಿರುವವನು ಆಫ್‌ಸೈಡ್ ಸ್ಥಾನದಲ್ಲಿರುತ್ತಾನೆ. ಅಲ್ಲಿ ನಿಂತಿರುವುದೇ ಅಪರಾಧವಲ್ಲ. ನಿಂತು ಆಟದಲ್ಲಿ ಪಾಲ್ಗೊಂಡರೆ ಅಪರಾಧ. ಥ್ರೋ-ಇನ್, ಕಾರ್ನರ್, ಗೋಲ್ ಕಿಕ್‌ಗಳಿಂದ ನೇರವಾಗಿ ಚೆಂಡು ಬಂದಾಗ ಆಫ್‌ಸೈಡ್ ಇಲ್ಲ. ಪುಟ್ಟ ಮಕ್ಕಳ ಪಂದ್ಯಗಳಲ್ಲಿ ಈ ನಿಯಮವನ್ನು ಬಹುತೇಕ ಬಿಟ್ಟೇ ಬಿಡುತ್ತಾರೆ. ದೊಡ್ಡವರ ಗುಂಪಿಗೆ ಹೋದ ವರ್ಷ ಅದು ಹಠಾತ್ತನೆ ಎದುರಾಗುತ್ತದೆ, ಆದ್ದರಿಂದ ಮೊದಲೇ ತಿಳಿದಿರುವುದು ಒಳ್ಳೆಯದು.

ಗೋಲ್‌ಕೀಪರ್: ತನ್ನ ತಂಡದವನು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಹಿಡಿಯುವಂತಿಲ್ಲ. ಇದು 1992ರಿಂದ ಬಂದ ನಿಯಮ. ಹಿಡಿದ ಚೆಂಡನ್ನು ಎಂಟು ಸೆಕೆಂಡಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್ ದೊರೆಯುತ್ತದೆ ಎಂಬುದು 2025ರಲ್ಲಿ ಬಂದ ಬದಲಾವಣೆ.

ಕಾರ್ಡ್‌ಗಳು: ಹಳದಿ ಎಚ್ಚರಿಕೆ, ಒಂದೇ ಪಂದ್ಯದಲ್ಲಿ ಎರಡು ಹಳದಿ ಬಂದರೆ ಕೆಂಪು. ಕೆಂಪು ಕಾರ್ಡ್ ಪಡೆದವನ ಜಾಗಕ್ಕೆ ಬೇರೊಬ್ಬನು ಬರುವಂತಿಲ್ಲ. ಉಳಿದ ಹತ್ತು ಮಂದಿ ಅವನ ಪಾಲಿನ ಓಟವನ್ನೂ ಓಡಬೇಕಾಗುತ್ತದೆ. ಸಿಟ್ಟಿನಲ್ಲಿ ಆಡಿದ ಒಂದು ಮಾತಿಗೂ ಕಾರ್ಡ್ ಬರಬಹುದು.

ಉಡುಪು, ಮಳೆ ಮತ್ತು ಬಿಸಿಲು

ಮೊಣಕಾಲಿನ ಕೆಳಗಿನ ಎಲುಬನ್ನು ಕಾಯುವ ಶಿನ್ ಗಾರ್ಡ್ ನಿಯಮದ ಪ್ರಕಾರ ಕಡ್ಡಾಯ. ಅದನ್ನು ಕಾಲುಚೀಲ ಮುಚ್ಚಿರಬೇಕು. ಆಭರಣಗಳಿಗೆ ಅನುಮತಿಯಿಲ್ಲ. ಕಿವಿಯ ಓಲೆ, ಕೊರಳಿನ ಸರ, ಕೈಯ ಬಳೆ, ಕಡಗಗಳನ್ನು ಮನೆಯಲ್ಲಿಯೇ ತೆಗೆದಿಟ್ಟು ಬರಬೇಕು. ಟೇಪು ಸುತ್ತಿಕೊಂಡರೂ ನಿಯಮ ಒಪ್ಪುವುದಿಲ್ಲ. ದೇವರ ತಾಯಿತವನ್ನು ತೆಗೆಯಲು ಅಜ್ಜಿ ಒಪ್ಪದಿದ್ದರೆ, ಮೈದಾನದಲ್ಲಿ ವಾದಕ್ಕೆ ನಿಲ್ಲುವುದಕ್ಕಿಂತ ಮೊದಲೇ ಮನೆಯಲ್ಲಿ ಮಾತನಾಡಿಕೊಳ್ಳುವುದು ಮೇಲು.

ಬೂಟು ಕೊಳ್ಳುವ ಮುನ್ನ ಲೀಗ್ ನಡೆಯುವ ನೆಲ ಯಾವುದೆಂದು ವಿಚಾರಿಸಬೇಕು. ನಿಜವಾದ ಹುಲ್ಲು ಮತ್ತು ಮಣ್ಣಿನ ಅಂಗಳಕ್ಕೆ ಉದ್ದ ಮೊಳೆಯ ಬೂಟು ಸರಿ. ಕೃತಕ ಹುಲ್ಲಿನ ಮೇಲೆ ಅದೇ ಬೂಟಿನ ಮೊಳೆಗಳು ಸಿಕ್ಕಿಕೊಂಡು ಮೊಣಕಾಲು ತಿರುಚುವ ಭಯವಿದೆ. ಅಲ್ಲಿಗೆ ಗಿಡ್ಡ ಮೊಳೆಗಳ ಬೂಟು ಬೇಕು. ಕೃತಕ ಹುಲ್ಲು ಬಿಸಿಲಿಗೆ ನಿಜವಾದ ಹುಲ್ಲಿಗಿಂತ ಬಹಳ ಹೆಚ್ಚು ಕಾಯುತ್ತದೆ. ಅಕ್ಟೋಬರ್ ಬಿಸಿಲಿನಲ್ಲಿ ಮಧ್ಯಾಹ್ನದ ಪಂದ್ಯವಿದ್ದರೆ ಬಾಯಾರುವ ಮೊದಲೇ ನೀರು ಕುಡಿಯುವ ಅಭ್ಯಾಸ ಬೇಕು. ಪಂದ್ಯಕ್ಕೆ ಎರಡು ಮೂರು ಗಂಟೆ ಮೊದಲು ಇಡ್ಲಿ, ಉಪ್ಪಿಟ್ಟು, ಅವಲಕ್ಕಿ ಅಥವಾ ಬಾಳೆಹಣ್ಣಿನಂಥ ಹಗುರ ಆಹಾರ ಸಾಕು. ಪೇಟೆಯ ಬಣ್ಣದ ಪಾನೀಯಗಳ ಅಗತ್ಯವಿಲ್ಲ.

ಮುಂಬಯಿಯ ಫುಟ್‌ಬಾಲಿಗೂ ಮಳೆಗಾಲಕ್ಕೂ ಬಿಡದ ನಂಟು. ಕೆಸರಿನಲ್ಲಿ ಆಡುವ ಸುಖ ಮಕ್ಕಳಿಗೆ ಗೊತ್ತು. ಅದರ ಅಪಾಯವೂ ಗೊತ್ತಿರಬೇಕು. ಇಲಿ, ನಾಯಿ, ದನಗಳ ಮೂತ್ರ ಬೆರೆತ ನಿಂತ ನೀರು ಗಾಯದ ಮೂಲಕ ಮೈ ಸೇರಿದರೆ ಲೆಪ್ಟೊಸ್ಪೈರೋಸಿಸ್ ಎಂಬ ಜ್ವರ ಬರುತ್ತದೆ. 2005ರ ಜುಲೈ ನೆರೆಯ ಬಳಿಕ ಈ ನಗರ ಅದರ ಹಾವಳಿಯನ್ನು ಕಂಡಿದೆ. ಕಾಲಿನಲ್ಲಿ ತೆರೆದ ಗಾಯವಿದ್ದರೆ ನೀರು ನಿಂತ ಅಂಗಳಕ್ಕೆ ಇಳಿಯಬಾರದು. ಆಟ ಮುಗಿದೊಡನೆ ಸೋಪು ಹಚ್ಚಿ ಕೈಕಾಲು ತೊಳೆಯಬೇಕು. ಕೆಲವು ದಿನಗಳ ಬಳಿಕ ಜ್ವರ ಬಂದರೆ ಕೆಸರಿನಲ್ಲಿ ಆಡಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಗುಡುಗು ಕೇಳಿಸಿದರೆ ಮೈದಾನ ಬಿಟ್ಟು ಕಟ್ಟಡದೊಳಗೆ ಸೇರಬೇಕು. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಾದು ಆಟ ಮುಂದುವರಿಸುವುದು ಸುರಕ್ಷಿತ ಕ್ರಮ.

ನೋವನ್ನು ಬಚ್ಚಿಡಬಾರದು

ಈ ಬರಹದಲ್ಲಿ ಮಕ್ಕಳು ಒಂದೇ ಒಂದು ಭಾಗವನ್ನು ನೆನಪಿಡುವುದಾದರೆ ಇದನ್ನು ನೆನಪಿಡಲಿ. ತಂಡದಿಂದ ಹೊರಗುಳಿಯುವ ಭಯದಿಂದ, ಅಳುಬುರುಕನೆಂದು ಗೆಳೆಯರು ಹಾಸ್ಯ ಮಾಡಿಯಾರೆಂಬ ಅಳುಕಿನಿಂದ ಮಕ್ಕಳು ಪೆಟ್ಟನ್ನು ಮುಚ್ಚಿಡುತ್ತಾರೆ. ಉಳಿದ ಪೆಟ್ಟುಗಳ ಮಾತು ಹಾಗಿರಲಿ, ತಲೆಗೆ ಬಿದ್ದ ಪೆಟ್ಟನ್ನು ಎಂದೂ ಮುಚ್ಚಿಡಬಾರದು.

ಇಬ್ಬರು ಮಕ್ಕಳ ತಲೆಗಳು ಒಂದಕ್ಕೊಂದು ತಾಗಿದಾಗ, ಗೋಲು ಕಂಬಕ್ಕೋ ನೆಲಕ್ಕೋ ತಲೆ ಬಡಿದಾಗ, ಪ್ರಜ್ಞೆ ತಪ್ಪದಿದ್ದರೂ ಮಿದುಳಿಗೆ ಆಘಾತವಾಗಿರಬಹುದು. ತಲೆನೋವು, ತಲೆಸುತ್ತು, ವಾಕರಿಕೆ, ಕಣ್ಣು ಮಂಜಾಗುವುದು, ಗೊಂದಲ, ಪಂದ್ಯದ ಅಂಕ ನೆನಪಿಗೆ ಬಾರದಿರುವುದು - ಇವುಗಳಲ್ಲಿ ಒಂದು ಕಂಡರೂ ಆ ಮಗು ಆ ದಿನ ಮತ್ತೆ ಅಂಗಳಕ್ಕೆ ಇಳಿಯಬಾರದು. ಮೊದಲ ಆಘಾತ ಮಾಯುವ ಮುನ್ನ ಬೀಳುವ ಎರಡನೆಯ ಪೆಟ್ಟು ಪ್ರಾಣಕ್ಕೇ ಸಂಚಕಾರ ತರಬಲ್ಲದು. ತಲೆನೋವು ಏರುತ್ತಿದ್ದರೆ, ಪದೇ ಪದೇ ವಾಂತಿಯಾದರೆ, ಎಬ್ಬಿಸಲಾಗದ ಮಂಪರು ಕವಿದರೆ, ಸೆಳವು ಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮತ್ತೆ ಆಡುವುದು ಯಾವಾಗ ಎಂಬುದನ್ನು ವೈದ್ಯರು ಹೇಳಬೇಕು. ಮುಂದಿನ ಪಂದ್ಯ ಎಷ್ಟೇ ಮುಖ್ಯವಾಗಿದ್ದರೂ ತರಬೇತುದಾರರೋ ಪಾಲಕರೋ ಅದನ್ನು ತೀರ್ಮಾನಿಸುವಂತಿಲ್ಲ.

ಎಳೆಯರು ತಲೆಯಿಂದ ಚೆಂಡು ಹೊಡೆಯುವ ವಿಷಯದಲ್ಲಿಯೂ ಜಗತ್ತು ಎಚ್ಚೆತ್ತಿದೆ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲಿ ಹತ್ತು ಮತ್ತು ಅದಕ್ಕಿಂತ ಕಿರಿಯ ಮಕ್ಕಳಿಗೆ ಹೆಡಿಂಗ್ ನಿಷೇಧಿಸಿತು. ಇಂಗ್ಲೆಂಡಿನಲ್ಲಿ 2020ರಲ್ಲಿ ಪ್ರಾಥಮಿಕ ಶಾಲೆಯ ವಯಸ್ಸಿನವರ ತರಬೇತಿಯಿಂದ ಅದನ್ನು ಕೈಬಿಡಲಾಯಿತು. ನಮ್ಮ ಮಕ್ಕಳ ಅಕಾಡೆಮಿಯಲ್ಲಿ ಈ ಬಗ್ಗೆ ಏನು ಪದ್ಧತಿಯೆಂದು ಪಾಲಕರು ಸಂಕೋಚವಿಲ್ಲದೆ ಕೇಳಬಹುದು.

ಬೆಳೆಯುವ ವಯಸ್ಸಿನಲ್ಲಿ ಹಿಮ್ಮಡಿ ಮತ್ತು ಮೊಣಕಾಲಿನ ಕೆಳಭಾಗದಲ್ಲಿ ನೋವು ಕಾಣಿಸುವುದುಂಟು. ಎಲುಬು ವೇಗವಾಗಿ ಬೆಳೆಯುವಾಗ ಅದಕ್ಕೆ ಅಂಟಿದ ಸ್ನಾಯುಬಂಧ ಬೆಳವಣಿಗೆಯ ಎಳೆಯ ಭಾಗವನ್ನು ಜಗ್ಗುವುದರಿಂದ ಹೀಗಾಗುತ್ತದೆ. ವಿಶ್ರಾಂತಿಯಿಂದ ಇದು ಸಾಮಾನ್ಯವಾಗಿ ಗುಣವಾಗುತ್ತದೆ. ನೋವು ನುಂಗಿ ಓಡಿದರೆ ತಿಂಗಳುಗಟ್ಟಲೆ ಉಳಿಯುತ್ತದೆ. ಆಟಕ್ಕೆ ಮುನ್ನ ಮೈ ಬಿಸಿ ಮಾಡಿಕೊಳ್ಳುವ ವ್ಯಾಯಾಮವೂ ಬರಿಯ ಶಾಸ್ತ್ರವಲ್ಲ. ಹದಿಮೂರರೊಳಗಿನ ಮಕ್ಕಳಿಗಾಗಿ ರೂಪಿಸಿದ '11+ ಕಿಡ್ಸ್' ಎಂಬ ವ್ಯಾಯಾಮ ಕ್ರಮವನ್ನು ಯುರೋಪಿನ ನಾಲ್ಕು ದೇಶಗಳಲ್ಲಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಾಯಗಳ ಪ್ರಮಾಣ ಸುಮಾರು ಅರ್ಧದಷ್ಟು ಇಳಿದದ್ದು ಕಂಡುಬಂದಿತ್ತು. ಒಂಟಿಕಾಲಿನಲ್ಲಿ ಸಮತೋಲ, ಜಿಗಿತ, ಸರಿಯಾಗಿ ಬೀಳುವ ಬಗೆ ಇವೆಲ್ಲ ಅದರಲ್ಲಿವೆ. ತಡವಾಗಿ ಬಂದು ಬೂಟು ಕಟ್ಟಿಕೊಂಡು ನೇರವಾಗಿ ಪಂದ್ಯಕ್ಕೆ ಇಳಿಯುವ ಮಗು ಇದನ್ನೆಲ್ಲ ಕಳೆದುಕೊಳ್ಳುತ್ತದೆ.

ಹೊರಗೆ ಕುಳಿತವರ ಪಾಲು

ತಂಡದಲ್ಲಿ ಹದಿನೆಂಟು ಮಕ್ಕಳಿದ್ದರೆ ಅಂಗಳದಲ್ಲಿ ಒಮ್ಮೆಗೆ ಹನ್ನೊಂದು ಮಂದಿಗಷ್ಟೇ ಜಾಗ. ಏಳು ಮಂದಿ ಹೊರಗೆ ಕುಳಿತಿರುತ್ತಾರೆ. ತಾನು ಆ ಏಳರಲ್ಲಿ ಒಬ್ಬನಾಗಬಹುದೆಂಬ ಕಲ್ಪನೆಯೇ ಇಲ್ಲದೆ ಬಂದ ಮಗು ಮೊದಲ ದಿನವೇ ಕುಗ್ಗುತ್ತದೆ. ಕೆಲವು ಲೀಗ್‌ಗಳಲ್ಲಿ ಎಳೆಯರಿಗೆಲ್ಲ ಸಮಾನ ಸಮಯ ಕೊಡುವ ಕ್ರಮವಿದೆ; ಕೆಲವುಗಳಲ್ಲಿ ಇಲ್ಲ. ಯಾವ ಕ್ರಮವೆಂಬುದನ್ನು ಶುಲ್ಕ ಕಟ್ಟುವ ಮೊದಲೇ ಕೇಳಿ ಮಗುವಿಗೆ ತಿಳಿಸಬೇಕು. ಹೊರಗೆ ಕುಳಿತಾಗ ಎದುರಾಳಿ ಯಾವ ಕಾಲಿನಿಂದ ಒದೆಯುತ್ತಾನೆ, ನಮ್ಮವರು ಎಲ್ಲಿ ಜಾಗ ಬಿಡುತ್ತಿದ್ದಾರೆ ಎಂದು ನೋಡುತ್ತ ಕುಳಿತವನು ಹತ್ತು ನಿಮಿಷ ಸಿಕ್ಕರೂ ಅದನ್ನು ಬಳಸಿಕೊಳ್ಳುತ್ತಾನೆ.

ಎಲ್ಲರಿಗೂ ಗೋಲು ಹೊಡೆಯುವ ಆಸೆ. ಗೋಲು ತಡೆಯುವವನಿಗೆ, ಮಧ್ಯದಲ್ಲಿ ಓಡಿ ಓಡಿ ಚೆಂಡು ತಂದುಕೊಡುವವನಿಗೆ ಚಪ್ಪಾಳೆ ಕಡಿಮೆ. ಎಳೆಯ ವಯಸ್ಸಿನಲ್ಲಿ ಒಂದೇ ಸ್ಥಾನಕ್ಕೆ ಅಂಟಿಕೊಳ್ಳದೆ ಎಲ್ಲ ಸ್ಥಾನಗಳಲ್ಲಿಯೂ ಆಡಿ ನೋಡುವುದು ಒಳ್ಳೆಯದು.

ಹೆಣ್ಣುಮಕ್ಕಳಿಗೂ ಈ ಮಾತೆಲ್ಲ ಸಮಾನವಾಗಿ ಅನ್ವಯಿಸುತ್ತದೆ. 2022ರ ಅಕ್ಟೋಬರ್ 30ರಂದು ಹದಿನೇಳರೊಳಗಿನ ಬಾಲಕಿಯರ ವಿಶ್ವಕಪ್ಪಿನ ಅಂತಿಮ ಪಂದ್ಯ ನಡೆದದ್ದು ನಮ್ಮ ನೆರೆಯ ನವಿ ಮುಂಬಯಿಯಲ್ಲಿ. ಸ್ಪೇನ್ ಬಾಲಕಿಯರು ಕೊಲಂಬಿಯವನ್ನು 1-0 ಗೋಲಿನಿಂದ ಸೋಲಿಸಿದರು. ಮಗಳು ಮೈದಾನಕ್ಕೆ ಹೋಗುವೆನೆಂದಾಗ ಅಣ್ಣನಿಗೆ ಕೇಳದ ಪ್ರಶ್ನೆಗಳನ್ನು ಅವಳಿಗೂ ಕೇಳಬಾರದು. ಮೈದಾನದಲ್ಲಿ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಇದೆಯೇ ಎಂಬ ಪ್ರಶ್ನೆಯನ್ನು ಮಾತ್ರ ಲೀಗ್ ನಡೆಸುವವರಿಗೆ ಅವಶ್ಯವಾಗಿ ಕೇಳಬೇಕು.

ಹಿರಿಯರೊಡನೆ ನಡೆಯುವ ಬಗೆ

ರೆಫರಿಯ ತೀರ್ಪು ತಪ್ಪೆನಿಸಿದರೂ ಪಂದ್ಯ ನಡೆಯುತ್ತಿರುವಾಗ ಅದೇ ಅಂತಿಮ. ಮಕ್ಕಳ ಪಂದ್ಯಗಳ ರೆಫರಿಗಳಲ್ಲಿ ಅನೇಕರು ತಾವೇ ಕಲಿಯುತ್ತಿರುವ ಎಳೆಯರು. ದೂರು ಇದ್ದರೆ ನಾಯಕನೋ ತರಬೇತುದಾರರೋ ಮಾತನಾಡಲಿ. ತರಬೇತುದಾರರು ಗದರಿದರೆ ಅದರಲ್ಲಿನ ಪಾಠವನ್ನು ತೆಗೆದುಕೊಳ್ಳಬೇಕು; ಆದರೆ ಹೊಡೆತ, ಅವಮಾನ, ಜಾತಿ, ಭಾಷೆ ಅಥವಾ ಮೈಬಣ್ಣದ ಹೀಯಾಳಿಕೆಯನ್ನು ಸಹಿಸಬೇಕಾಗಿಲ್ಲ.

ಇನ್ನೊಂದು ಸೂಕ್ಷ್ಮ ವಿಷಯ. ಗುರುಗಳಿಗೆ ಎದುರಾಡಬಾರದೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಅದರ ಜೊತೆಗೆ, ತನ್ನ ಮೈಯನ್ನು ಯಾರಾದರೂ ತನಗೆ ಇಷ್ಟವಾಗದಂತೆ ಮುಟ್ಟಿದರೆ, ಗುಟ್ಟಾಗಿಡು ಎಂದರೆ, ಒಬ್ಬಳನ್ನೇ ಅಥವಾ ಒಬ್ಬನನ್ನೇ ಬೇರೆಡೆಗೆ ಕರೆದರೆ ತಕ್ಷಣ ಮನೆಯಲ್ಲಿ ಹೇಳಬೇಕೆಂದೂ ಕಲಿಸಬೇಕು. ಮಕ್ಕಳನ್ನು ಇಂಥ ಕೃತ್ಯಗಳಿಂದ ಕಾಯಲು 2012ರ ಪೋಕ್ಸೋ ಕಾಯಿದೆಯಿದೆ. ಮಕ್ಕಳ ಸಹಾಯವಾಣಿ 1098. ಈ ಸಂಖ್ಯೆ ಮಗುವಿಗೂ ಗೊತ್ತಿರಲಿ.

ಓದು, ಊರು ಮತ್ತು ಭಾನುವಾರ

ಮುಂಬಯಿಯಲ್ಲಿ ಶಾಲಾ ಕ್ರೀಡೆಗಳನ್ನು ನಡೆಸುವ ಮುಂಬಯಿ ಸ್ಕೂಲ್ಸ್ ಸ್ಪೋರ್ಟ್ಸ್ ಅಸೋಸಿಯೇಶನ್ 1893ರಷ್ಟು ಹಳೆಯದು; ಆಟ ಮತ್ತು ಓದು ಜೊತೆಜೊತೆಯಾಗಿ ನಡೆಯಬಲ್ಲವೆಂಬುದಕ್ಕೆ ಈ ನಗರದ ತಲೆಮಾರುಗಳೇ ಸಾಕ್ಷಿ. ಆದರೂ ಲೆಕ್ಕಾಚಾರ ಮೊದಲೇ ಆಗಬೇಕು. ಲೀಗಿನ ವೇಳಾಪಟ್ಟಿ ಕೈಗೆ ಬಂದೊಡನೆ ಶಾಲೆಯ ಪರೀಕ್ಷೆಗಳ ಪಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕು. ಚೌತಿಗೆ ಊರಿಗೆ ಹೋಗುವ ಕೊಂಕಣ ರೈಲಿನ ಟಿಕೆಟನ್ನು 60 ದಿನ ಮೊದಲೇ ಕಾದಿರಿಸುವ ನಾವು, ಆ ವಾರದ ಪಂದ್ಯಕ್ಕೆ ಮಗು ಬಾರದೆಂಬುದನ್ನು ತಂಡಕ್ಕೂ ಅಂದೇ ತಿಳಿಸಬಹುದು. ಊರಿಗೆ ಹೋಗುವುದು ತಪ್ಪಲ್ಲ. ಹಿಂದಿನ ರಾತ್ರಿ ತಿಳಿಸುವುದು ತಪ್ಪು. ಭಾನುವಾರದ ಮೆಗಾ ಬ್ಲಾಕ್ ಎಲ್ಲಿದೆ ಎಂದು ನೋಡಿಕೊಳ್ಳದೆ ಡೊಂಬಿವಲಿಯಿಂದಲೋ ವಿರಾರ್‌ನಿಂದಲೋ ಕೂಪರೇಜ್‌ಗೆ ಹೊರಟವರು ಅರ್ಧ ಪಂದ್ಯ ಮುಗಿದ ಮೇಲೆ ತಲುಪುವುದುಂಟು.

ಪಾಲಕರಿಗೆ ಎರಡು ಮಾತು

ಗೆರೆಯಾಚೆ ನಿಂತು ಪಾಲಕರು ಕೂಗುವ ಸೂಚನೆಗಳು ಮಗುವನ್ನು ಗೊಂದಲಕ್ಕೆ ತಳ್ಳುತ್ತವೆ. ತರಬೇತುದಾರರು ಒಂದು ಹೇಳುತ್ತಾರೆ, ಅಪ್ಪ ಇನ್ನೊಂದು. ಪ್ರೋತ್ಸಾಹದ ಕೂಗು ಎರಡೂ ತಂಡಗಳ ಒಳ್ಳೆಯ ಆಟಕ್ಕಿರಲಿ. ಮರಳುವ ದಾರಿಯಲ್ಲಿ ರೈಲಿನಲ್ಲಿ ಕುಳಿತು ಪ್ರತಿ ತಪ್ಪನ್ನೂ ಎಣಿಸುವುದು ಬೇಡ. ಮಗು ತಾನಾಗಿ ಮಾತನಾಡಿದರೆ ಕೇಳಿಸಿಕೊಳ್ಳಬೇಕು. ಇಲ್ಲವಾದರೆ ಹಸಿವಾಗಿದೆಯೇ ಎಂದು ಕೇಳಿದರೆ ಸಾಕು.

ನಮ್ಮ ಮಕ್ಕಳೆಲ್ಲ ವೃತ್ತಿಪರ ಆಟಗಾರರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಮರಾಠಿ, ಗುಜರಾತಿ, ಹಿಂದಿ, ತಮಿಳು ಮಾತನಾಡುವ ಹತ್ತಾರು ಮಕ್ಕಳ ನಡುವೆ ಒಂದು ಬಣ್ಣದ ಅಂಗಿ ತೊಟ್ಟು, ಸೋತ ಮರುವಾರವೂ ಹೊತ್ತಿಗೆ ಸರಿಯಾಗಿ ಮೈದಾನ ಸೇರಿದ ಮಗು ಈ ಮಹಾನಗರದಲ್ಲಿ ಬಾಳಲು ಬೇಕಾದ ಒಂದು ಗುಣವನ್ನು ಕಲಿತಿರುತ್ತದೆ. ಆದ್ದರಿಂದ ಅರ್ಜಿಗೆ ಸಹಿ ಹಾಕುವ ಮುನ್ನ ಮಗುವನ್ನು ಬಳಿಯಲ್ಲಿ ಕೂರಿಸಿಕೊಂಡು ಕೇಳೋಣ: ಸೋತರೂ ಹೋಗುವೆಯಾ? ಹೊರಗೆ ಕೂರಿಸಿದರೂ ಹೋಗುವೆಯಾ? ಪೆಟ್ಟಾದರೆ ನಮಗೆ ಹೇಳುವೆಯಾ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಧೈರ್ಯವಾಗಿ ಸಹಿ ಹಾಕಬಹುದು. ಇನ್ನೂ ಅನುಮಾನವಿದ್ದರೆ ಒಂದು ವರ್ಷ ಕಟ್ಟಡದ ಆವರಣದಲ್ಲಿಯೇ ಆಡಿಕೊಂಡಿರಲಿ. ಲೀಗ್ ಮುಂದಿನ ವರ್ಷವೂ ಇರುತ್ತದೆ. ಅಂಗಳಕ್ಕೆ ಇಳಿಯುವ ನಮ್ಮೆಲ್ಲ ಮಕ್ಕಳಿಗೂ ಶುಭವಾಗಲಿ.